ಅಲ್ಲಿ ಇಳಿದ ಮ್ಯಾಲೆ ಚಾಲೂ

ಅಜೀಮ "ಇನ್ಸೂರೆನ್ಸ್ ಮಾಡಿಸೇನ್ರಿ ಮಾಮು" ಅಂದು ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಈ ಫಜೀತಿಯೇ ಆಗುತ್ತಿರಲಿಲ್ಲ. ಹಾವೇರಿಯಲ್ಲಿ ಟ್ರಾವೆಲ್ಸ್ ಆಫೀಸು ಇಟ್ಟವನು, ಎಲ್ಲವನ್ನೂ ಬಿಡಿಸಿ ಹೇಳುವ ಚಟ. ಬ್ಯಾಡಗಿಯ ಮೆಣಸಿನಕಾಯಿ ದಲಾಲ ರಹಿಮಾನಸಾಬ ಅವನ ಸೋದರಮಾವ. ಮಾವ ಹೆಂಡತಿಯೊಂದಿಗೆ ಉಮ್ರಾ ಯಾತ್ರೆಗೆ ಹೊರಡುವ ದಿನ ಬೆಳಿಗ್ಗೆ ಫೋನು ಮಾಡಿ ಬಿಡಿಸಿ ಹೇಳಿದ.

"ಅಲ್ಲಿ ಕೊರೊನಾ ಬಂದ್ರೂ ಚಿಂತಿ ಇಲ್ರಿ ಮಾಮು. ದವಾಖಾನಿ, ಔಷಧ, ಆಕ್ಸಿಜನ್, ಬ್ಯಾರೆ ಕೋಣ್ಯಾಗ ಇಡೂದು, ಎಲ್ಲಾ ಕಂಪನಿಯವ್ರ ನೋಡ್ಕೋತಾರ. ಏನಾರ ಹೆಚ್ಚುಕಮ್ಮಿ ಆತಂದ್ರ ಹೆಣಾ ಸುದ್ದಾ ಊರಿಗೆ ಕಳಸ್ತಾರ."

"ಯಾರ ಹೆಣಾನೋ?"

"ನಿಮ್ದ ರೀ."

ರಹಿಮಾನಸಾಬರು ಫೋನು ಕೆಳಗಿಟ್ಟು ಕೆಮ್ಮಿದರು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲ ಕೆಮ್ಮಿದರೆ ಯಾರೂ ತಿರುಗಿ ನೋಡುವುದಿಲ್ಲ, ಸೀಜನ್ನಿನಲ್ಲಿ ಊರಿಗೆ ಊರೇ ಕೆಮ್ಮುತ್ತದೆ. ಹಿಂದಿನ ದಿನ ಗಂಡ ಹೆಂಡತಿ ಇಬ್ಬರೂ ಮೂಗಿಗೆ ಕಡ್ಡಿ ಹಾಕಿಸಿಕೊಂಡು ಕೊರೊನಾ ಪರೀಕ್ಷೆಗೆ ಕೊಟ್ಟು ಬಂದಿದ್ದರು. ವರದಿ ಸಂಜೆಯೊಳಗೆ ಬರುವುದಿತ್ತು. ಆ ಚಿಂತೆ ಅವರಿಗಿರಲಿಲ್ಲ. ತಲೆ ತುಂಬ ಇದ್ದದ್ದು ಪೆಟ್ಟಿಗೆಯಲ್ಲಿ ವಾಪಸು ಬರುವ ತಮ್ಮ ಹೆಣ.

ಉಮ್ರಾಕ್ಕೆ ಹೊರಟವರು ಮನೆಮನೆಗೆ ಹೋಗಿ "ತಪ್ಪೇನಾರ ಆಗಿದ್ರ ಮಾಫ್ ಮಾಡ್ರಿ" ಅನ್ನುವುದು ಪದ್ಧತಿ. ಕೇಳುವವರೂ ಸುಮ್ಮನೆ ಕೇಳುತ್ತಾರೆ, ಮನೆಯವರೂ ಸುಮ್ಮನೆ "ಇರ್ಲಿ ತಗೋರಿ" ಅನ್ನುತ್ತಾರೆ, ಚಹಾ ಕುಡಿದು ಏಳುತ್ತಾರೆ. ಸಾಯಲು ಹೊರಟವನಿಗೆ ಅಷ್ಟು ಸಾಲದು ಅನ್ನಿಸಿತು ರಹಿಮಾನಸಾಬರಿಗೆ. ಒಂದೊಂದು ತಪ್ಪನ್ನೂ ಹೆಸರು ಹಿಡಿದೇ ಒಪ್ಪಿಕೊಳ್ಳಬೇಕೆಂದು ನಿರ್ಧರಿಸಿದರು. ನಿರ್ಧಾರ ಒಳ್ಳೆಯದೇ. ವಿಮಾನ ಹತ್ತಿ ಕೂತ ಮೇಲೆ ಫೋನಿನಲ್ಲಿ ಮಾಡಿದ್ದರೆ ಇನ್ನೂ ಒಳ್ಳೆಯದಿತ್ತು.

ಮೊದಲು ಪಕ್ಕದ ಮನೆ ಗುಡ್ಡವ್ವ.

"ಗುಡ್ಡವ್ವ, ನಿನ್ನ ಕೆಂಪು ಕೋಳಿ ಕಳದಿತ್ತಲ್ಲ."

"ಲಕ್ಷ್ಮಪ್ಪನ ನಾಯಿ ತಿಂತಲ್ರಿ ಸಾಬ್ರ ಅದನ್ನ. ಇವತ್ತಿಗೂ ಆ ನಾಯಿ ಕಂಡ್ರ ಕಲ್ಲು ಒಗೀತೇನಿ."

"ನಾಯಿ ತಿಂದಿಲ್ಲವ್ವಾ. ಗ್ವಾಡಿ ಹಾರಿ ನಮ್ಮ ಹಿತ್ತಲಕ್ಕ ಬಂದಿತ್ತು. ಅವತ್ತ ಮನ್ಯಾಗ ಬೀಗರು ಬಂದಿದ್ರು."

ಗುಡ್ಡವ್ವ ಲಕ್ಷ್ಮಪ್ಪನ ಮನೆಯ ಕಡೆ ತಿರುಗಿ ನೋಡಿದಳು. ಇಷ್ಟು ದಿನ ಒಗೆದ ಕಲ್ಲುಗಳನ್ನು ನೆನೆಯುತ್ತಿದ್ದಳೋ ಏನೋ. "ದೊಡ್ಡ ಜಾಗಾಕ್ಕ ಹೊಂಟೀರಿ, ಹೋಗ್ಲಿ ಬಿಡ್ರಿ," ಅಂದಳು. ರಹಿಮಾನಸಾಬರ ಮುಖ ನಾಚಿಕೆಯಿಂದ ಬಿಸಿಯಾಯಿತು, ಎದೆ ಮಾತ್ರ ಹಗುರಾಯಿತು. ಮನುಷ್ಯನಿಗೆ ಇದರ ರುಚಿ ಹತ್ತಿತು.

ಪ್ಯಾಟೆಯಲ್ಲಿ ಪಕ್ಕದ ಅಂಗಡಿಯ ಪ್ರಭುಲಿಂಗಪ್ಪ ಹಮಾಲರನ್ನೆಲ್ಲ ಕರೆದು, ಎಲ್ಲರೆದುರು ಮಾಲೆ ಹಾಕಿ ಸನ್ಮಾನ ಮಾಡಿದರು. ಅವರ ಕೈ ಇನ್ನೂ ಮಾಲೆಯ ಮೇಲಿರುವಾಗಲೇ ರಹಿಮಾನಸಾಬರು ಶುರು ಮಾಡಿದರು.

"ಆ ಗುಜರಾತದ ಖರೀದಿದಾರ ನಿಮ್ಮ ಮಾಲು ಬಿಟ್ಟು ನನ್ನ ಅಂಗಡಿಗೆ ಬಂದ್ನಲ್ರಿ. ನಿಮ್ದು ಹ್ವಾದ ವರ್ಷದ ಕೋಲ್ಡ್ ಸ್ಟೋರೇಜ್ ಮಾಲು ಅಂತ ನಾನ ಹೇಳಿದ್ದೆ."

ಹಮಾಲರೆಲ್ಲ ನೋಡುತ್ತಿದ್ದರು. "ಹೊಂಟವ್ರಿಗೆ ಏನಂತ ಅನ್ನೂದ್ರಿ. ಮಾಫ್," ಎಂದು ಪ್ರಭುಲಿಂಗಪ್ಪ ಮಾಲೆಯನ್ನು ಒಂದಿಷ್ಟು ಬಿಗಿಯಾಗಿಯೇ ಸರಿಪಡಿಸಿದರು.

ಉಳಿದದ್ದು ಹೆಂಡತಿ. ಮಧ್ಯಾಹ್ನ ಕುಲ್ಸುಮಬಿ ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದಳು.

"ಕುಲ್ಸುಮ, ನಿಮ್ಮಮ್ಮಾ ಕೊಟ್ಟಿದ್ದ ತಾಮ್ರದ ಹಂಡೆ..."

"ಆ ಬೇನಜೀರ ನುಂಗಿದ್ದು. ಅಕಿ ಮಾತ್ಯಾಕ ಈಗ?"

ಬೇನಜೀರ ರಾಣೆಬೆನ್ನೂರಿನಲ್ಲಿರುವ ಕುಲ್ಸುಮಬಿಯ ತಮ್ಮನ ಹೆಂಡತಿ. ಹಂಡೆ ಕಾಣೆಯಾದಾಗಿನಿಂದ ಕುಲ್ಸುಮಬಿ ಆ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಈದಿಗೆ ಅವರು ಕಳಿಸಿದ ಶೀರಕುರ್ಮಾ ಮುಚ್ಚಳ ಸಹ ತೆಗೆಯದೆ ವಾಪಸು ಹೋಗಿತ್ತು.

"ಅಕಿ ತಗೊಂಡಿಲ್ಲ," ಅಂದರು ರಹಿಮಾನಸಾಬರು ನೆಲ ನೋಡುತ್ತ. "ನಾನ ನಮ್ಮ ದಿಲನಾಜಗ ಕೊಟ್ಟೆ. ತಂಗಿ ಕೇಳಿದ್ಲು, ಇಲ್ಲನ್ನಾಕ ಆಗ್ಲಿಲ್ಲ. ಐರಣಿ ಊರಾಗ ಅಕಿ ಮಗ ಅಜೀಮನ ಮನ್ಯಾಗ ಐತಿ."

ಕುಲ್ಸುಮಬಿ ಕೈಯಲ್ಲಿದ್ದ ಬಟ್ಟೆ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಬೈದಿದ್ದರೆ ಚಲೋ ಇತ್ತು.

"ನನ್ನ ಕೈಲೆ ಎಷ್ಟ್ ಪಾಪ ಮಾಡಿಸಿದ್ರಿ," ಅಂದಳು ಮೆಲ್ಲಗೆ. "ಇಲ್ಲಿ ಕುಂತು ಮಾಫ್ ಮಾಡಾಕ ನನಗಾಗೂದಿಲ್ಲ. ಅಲ್ಲಿ ಹ್ವಾದ ಮ್ಯಾಲೆ ಕೇಳ್ರಿ. ಆ ಜಾಗಾದಾಗ ಮನಸ್ಸು ಮೆತ್ತಗಾದ್ರ ಆದೀತು."

ರಹಿಮಾನಸಾಬರಿಗೆ ತಲೆ ಎತ್ತಲಾಗಲಿಲ್ಲ. ಇಷ್ಟು ವರ್ಷ ಆ ಬೇನಜೀರಳ ಮೇಲಿನ ಬೈಗುಳವನ್ನು ತಾವು ಊಟ ಮಾಡುತ್ತ ಕೇಳಿದ್ದು ನೆನಪಾಯಿತು. ಆದರೂ ಅಲ್ಲಿ ಆದೀತು ಅಂದಳಲ್ಲ, ಅಷ್ಟೇ ಆಸರೆ. ಹೇಗಾದರೂ ವಿಮಾನ ಹತ್ತಿದರೆ ಸಾಕಿತ್ತು.

ಸಂಜೆ ಅಜೀಮ ಕಾರು ತಂದ. ಓಣಿ ಬೀಳ್ಕೊಡಲು ಸೇರಿತ್ತು, ಪ್ಯಾಟೆಯಿಂದ ಪ್ರಭುಲಿಂಗಪ್ಪನವರೂ ಬಂದಿದ್ದರು. ಅಜೀಮ ಫೋನು ನೋಡಿದ, ಮತ್ತೊಮ್ಮೆ ನೋಡಿದ, ಗದ್ದಕ್ಕಿದ್ದ ಮಾಸ್ಕನ್ನು ಮೂಗಿಗೇರಿಸಿದ.

"ಮಾಮು, ನಿಮಗ ಪಾಸಿಟಿವ್ ಬಂದೈತ್ರಿ."

ಓಣಿ ಒಮ್ಮೆಲೇ ಗಟಾರದ ಆಚೆ ಸರಿದು ನಿಂತಿತು.

"ಮೆಣಸಿನಕಾಯಿ ಘಾಟೋ ಅದು," ಅಂದರು ರಹಿಮಾನಸಾಬರು. "ಅಲ್ಲದ ಇನ್ಸೂರೆನ್ಸ್ ಐತಲ್ಲ. ಕೊರೊನಾಕ್ಕೂ ಐತಿ ಅಂದಿದ್ದಿ."

"ಐತ್ರಿ. ಆದ್ರ ಅದು ಅಲ್ಲಿ ಇಳಿದ ಮ್ಯಾಲೆ ಚಾಲೂ. ಇಲ್ಲಿಂದ ಹೊತ್ಕೊಂಡು ಹೋಗೂ ರೋಗಕ್ಕ ಅಲ್ಲ. ನಿಮ್ಮನ್ನ ವಿಮಾನ ಹತ್ತಿಸಿಕೊಳ್ಳೂದ ಇಲ್ಲ."

"ಹಂಗಾರ ಸಾಬ್ರು ಹೋಗೂದಿಲ್ಲೇನು?" ಗುಡ್ಡವ್ವ ಆಚೆಯಿಂದಲೇ ಕೇಳಿದಳು. "ಮತ್ತ ನನ್ನ ಕೋಳಿ?"

"ನಮ್ಮ ನಾಯಿ ತಿಂದ ಕಲ್ಲೇಟಿಗೆ ಯಾರ್ ಮಾಫ್ ಕೇಳಾವ್ರು?" ಅಂದ ಲಕ್ಷ್ಮಪ್ಪ.

ಪ್ರಭುಲಿಂಗಪ್ಪ ಇಬ್ಬರಿಗಿಂತ ಸಮಾಧಾನಿ. "ಮಾಲಿ ನಿಮ್ಮ ಹಂತೇಕ ಇರ್ಲಿ, ನೀವು ಮುಟ್ಟಿದ್ದು ನಮಗ ಬ್ಯಾಡ. ಮಾಫ್ ಅಂದ ಮಾತಷ್ಟು ವಾಪಸ್ ತಗೊಂಡೇನಿ," ಅಂದರು.

ರಹಿಮಾನಸಾಬರು ಮಾಲೆಯ ಸಮೇತ ಒಳಗೋಡಿ ಹಿಂದಿನ ಕೋಣೆ ಸೇರಿದರು. ಮೈಯೆಲ್ಲ ನಾಚಿಕೆ. ಒಂದೇ ಸಮಾಧಾನವೆಂದರೆ ರೋಗ ಬಂದವನು ಒಬ್ಬನೇ ಇರಬೇಕು, ಕುಲ್ಸುಮಬಿಯ ಮುಖ ನೋಡುವ ಪ್ರಸಂಗವಿಲ್ಲ. ಕೊರೊನಾಕ್ಕೂ ಒಂದು ಉಪಕಾರಬುದ್ಧಿ ಇದೆ ಅನ್ನಿಸಿತು.

ಅಷ್ಟರಲ್ಲಿ ಕಿಟಕಿಯಾಚೆ ಅಜೀಮ ಬಂದು ನಿಂತ.

"ಮಾಮು, ಈಗ ಮಾಮಿದೂ ರಿಪೋರ್ಟ್ ಬಂತು. ಅವ್ರಿಗೂ ಪಾಸಿಟಿವ್. ಇಬ್ರೂ ಒಂದ ಕೋಣ್ಯಾಗ ಇದ್ದುಬಿಡ್ರಿ, ಚಿಂತಿಲ್ಲ. ಬಿಸಿನೀರಿನ ಹಬಿ ತಗೋರಿ. ಬೇಕಾದ್ರ ಐರಣಿಂದ ನಮ್ಮ ಹಂಡೆ ತಂದ್ಕೊಡ್ತೇನಿ. ತಾಮ್ರದ್ದು, ಭಾಳ ಚಲೋ ಐತಿ."

ಹಿಂದೆ ಬಾಗಿಲ ಚಿಲಕ ಬಿದ್ದ ಸಪ್ಪಳವಾಯಿತು. ಕುಲ್ಸುಮಬಿ ಹಾಸಿಗೆ ಬಗಲಲ್ಲಿಟ್ಟುಕೊಂಡು ಒಳಗೆ ಬಂದು ನಿಂತಿದ್ದಳು.

"ಕುಲ್ಸುಮ, ಮಾಫ್..."

"ನಂದೂ ನಿಮ್ಮ ಇನ್ಸೂರೆನ್ಸ್ ಇದ್ದಂಗ್ರಿ," ಅಂದಳು ಕುಲ್ಸುಮಬಿ. "ಅಲ್ಲಿ ಇಳಿದ ಮ್ಯಾಲೆ ಚಾಲೂ."

ಹಾಸಿಗೆ ಬಿಡಿಸಿ, ಗ್ವಾಡಿಗೆ ಒರಗಿ ಆರಾಮಾಗಿ ಕುಳಿತಳು.

"ಈಗ ಹೇಳ್ರಿ. ದಿಲನಾಜಗ ಇನ್ನೂ ಏನೇನ್ ಕೊಟ್ಟೀರಿ?"