ವ್ಯಾಸರಾಜರ ಎಡಗೆನ್ನೆ

ಈ ಎಲ್ಲಾ ಅನಾಹುತಕ್ಕೆ ಮೂಲ ಒಂದು ತುಂಡು ಕರದಂಟು.

ಅದನ್ನು ತಂದುಕೊಟ್ಟವರು ಮೇಲಿನ ಮನೆಯ ಯಮುನಾಬಾಯಿ. ವ್ಯಾಸರಾಜರು ಬೆಲ್ಜಿಯಂಗೆ ಹೋಗುತ್ತಾರಂತೆ ಎಂಬ ಸುದ್ದಿ ಮಡಗಾಂವಿನ ಆ ಕಟ್ಟಡದ ಮೆಟ್ಟಿಲುಗಳನ್ನೆಲ್ಲ ಹತ್ತಿ ಇಳಿದಿತ್ತು. ಬೆಳಗಾವಿಯಲ್ಲಿರುವ ಮಗಳು ಕಳಿಸಿದ ಗೋಕಾಕದ ಕರದಂಟನ್ನು ತಟ್ಟೆಗೆ ಹಾಕಿಕೊಂಡು, ಬಾಯಿ ಸಿಹಿ ಮಾಡಲು ಯಮುನಾಬಾಯಿ ಸಂಜೆಯೇ ಇಳಿದು ಬಂದಿದ್ದರು. ವ್ಯಾಸರಾಜರು ಬೆಲ್ಜಿಯಂ ಕೈಗೆ ಸಿಕ್ಕ ಹುರುಪಿನಲ್ಲಿ ಕಚ್ಚಿದರು. ಎಡಗಡೆಯ ದವಡೆ ಹಲ್ಲು ಕಟ್ ಎಂದಿತು. ಬೆಳಗಾಗುವಷ್ಟರಲ್ಲಿ ಕೆನ್ನೆ ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬಿತ್ತು.

ವ್ಯಾಸರಾಜರು ಡಾಕ್ಟರ್ ಮಿಲಿಂದರ ಹಲ್ಲಿನ ದವಾಖಾನೆಯಲ್ಲಿ ಮ್ಯಾನೇಜರು. ಹಲ್ಲಿನ ದವಾಖಾನೆಯ ಮ್ಯಾನೇಜರಿಗೆ ಹಲ್ಲು ನೋಯುವುದು ಅಂಥ ದೊಡ್ಡ ಸಂಗತಿಯೇನಲ್ಲ, ಕೂತಲ್ಲೇ ಕೀಳಿಸಿಕೊಂಡರಾಯಿತು ಎಂದು ನೀವು ಹೇಳಬಹುದು. ನಿಮಗೆ ವ್ಯಾಸರಾಜರು ಗೊತ್ತಿಲ್ಲ. ಇಷ್ಟು ವರ್ಷ "ಏನೂ ಆಗೂದಿಲ್ರೀ, ಇರಿವಿ ಕಚ್ಚಿದಂಗ ಆಗ್ತದ" ಎಂದು ರೋಗಿಗಳನ್ನು ಒಳಗೆ ಕಳಿಸಿದವರು ತಾವು ಒಂದು ದಿನವೂ ಹಲ್ಲು ಕೀಳುವ ಆ ಕುರ್ಚಿಯ ಮೇಲೆ ಕೂತವರಲ್ಲ. ಅದರ ಯಂತ್ರದ ಗುಂಯ್‌ಗುಡುವ ಸದ್ದು ಕೇಳಿದರೆ ತಮ್ಮೂರು ಧಾರವಾಡದ ಕಡೆ ಮುಖ ಮಾಡಿ ಓಡಬೇಕೆನಿಸುತ್ತಿತ್ತು.

ಇನ್ನೊಂದು ತೊಡಕೂ ಇತ್ತು. ಲೀಸ್ಬೆತ್ ಎಂಬ ಬೆಲ್ಜಿಯಂ ಹೆಂಗಸು ಅವತ್ತೇ ಗೋವಾಕ್ಕೆ ಬರುವವಳಿದ್ದಳು. ತನ್ನ ದೇಶದ ನಿವೃತ್ತ ಜನರನ್ನು ಗುಂಪು ಗುಂಪಾಗಿ ಹೊರದೇಶಕ್ಕೆ ಕರೆದೊಯ್ದು, ಒಂದು ಕಡೆ ಹಲ್ಲು ಕಟ್ಟಿಸಿ ಇನ್ನೊಂದು ಕಡೆ ಚರ್ಚು, ಗುಡಿ, ಸಮುದ್ರ ತೋರಿಸಿ ಕರೆತರುವ ಕಂಪನಿ ಅವಳದು. ಎರಡು ಸಾವಿರದ ಏಳನೇ ಇಸವಿಯ ಹೊತ್ತಿಗೆ ಗೋವಾದಲ್ಲಿ ಇಂಥ ವ್ಯಾಪಾರ ಚಿಗುರುತ್ತಿತ್ತು. ಆಕೆ ಒಪ್ಪಂದಕ್ಕೆ ಸಹಿ ಹಾಕಿದರೆ ದವಾಖಾನೆಯಿಂದ ಒಬ್ಬರು ಒಂದು ತಿಂಗಳು ಬ್ರಸೆಲ್ಸ್‌ಗೆ ಹೋಗಬೇಕು. ವಾರವೆಲ್ಲ ಅಲ್ಲಿನ ದವಾಖಾನೆಗಳಲ್ಲಿ ತರಬೇತಿ, ಶನಿವಾರ ಭಾನುವಾರ ಊರು ಸುತ್ತಾಟ, ಖರ್ಚೆಲ್ಲ ಅವರದು.

ಡಾಕ್ಟರ್ ಮಿಲಿಂದರು ಮೊದಲೇ ಹೇಳಿದ್ದರು: "ವ್ಯಾಸರಾಯರ, ಆಕೀನ ಚಲೋತ್ನಾಗಿ ನೋಡಿಕೊಂಡ್ರ ಬೆಲ್ಜಿಯಂ ನಿಮ್ದು. ಆದ್ರ ಒಂದ್ ಮಾತು. ಆಕಿ ಮೊದ್ಲು ನಮ್ಮ ಬಾಯಿ ನೋಡ್ತಾಳ, ಆಮ್ಯಾಲೆ ದವಾಖಾನಿ ನೋಡ್ತಾಳ. ನಮ್ಮ ಮಂದೀದ ಹಲ್ಲು ಕೆಟ್ಟಿದ್ರ ಎಲ್ಲಾ ಮುಗೀತು. ಓಂಕಾರನ್ನ ಕಳಸ್ತೇನಿ ನೋಡ್ರಿ ಮತ್ತ."

ಓಂಕಾರ ದವಾಖಾನೆಯ ಕಂಪ್ಯೂಟರ್ ನೋಡಿಕೊಳ್ಳುವವನು. ಬೆಲ್ಜಿಯಂ ಮೇಲೆ ಅವನದೂ ಕಣ್ಣಿತ್ತು.

"ಡಾಕ್ಟರಿಗೆ ತೋರಸ್ರೀ ಮೊದ್ಲ" ಎಂದಳು ಹೆಂಡತಿ ಮೈತ್ರೇಯಿ, ಗಂಡನ ಮುಖವನ್ನು ಬೆಳಕಿಗೆ ತಿರುಗಿಸಿ.

"ತೋರ್ಸಿದ್ರ ಬೆಲ್ಜಿಯಂ ಹೋತು" ಎಂದು ವ್ಯಾಸರಾಜರು ಅರ್ಧ ಬಾಯಲ್ಲಿ ಹೇಳಿದರು.

ಅಷ್ಟರಲ್ಲಿ ಯಮುನಾಬಾಯಿ ಹಾಜರಾದರು. ತಮ್ಮ ಕರದಂಟಿನ ಪ್ರತಾಪ ನೋಡಿ "ದೇವಾ ರೇ!" ಎಂದು ಮೇಲೆ ಓಡಿ, ಲವಂಗ, ಇಂಗು, ಜೊತೆಗೆ ಏನನ್ನೋ ತೊಟ್ಟಿಕ್ಕುತ್ತಿದ್ದ ಹತ್ತಿಯ ಉಂಡೆ ಹಿಡಿದು ಬಂದರು.

"ಇದೇನ್ರೀ, ವಾಸನಿ ಹೊಡೀಲಿಕ್ಕತ್ತದ?" ಎಂದರು ವ್ಯಾಸರಾಜರು.

"ಗೇರಹಣ್ಣಿನ ಔಷಧ ಅದ. ಹಲ್ಲಿನ ಮ್ಯಾಲೆ ಒತ್ತಿ ಇಟ್ಕೋರಿ, ಸುಮ್ಮನಿರ್ರಿ."

ಯಮುನಾಬಾಯಿ ಸುಳ್ಳು ಹೇಳಲಿಲ್ಲ. ಗೋವಾದ ಫೆನಿ ಎಂಬ ಸಾರಾಯಿಯನ್ನು ಗೇರುಹಣ್ಣಿನಿಂದಲೇ ಮಾಡುತ್ತಾರೆ. ಹುಟ್ಟಿದಾಗಿನಿಂದ ಈರುಳ್ಳಿಯನ್ನೂ ಯೋಚನೆ ಮಾಡಿ ತಿನ್ನುವ ವ್ಯಾಸರಾಜರು ಒಂದಾದ ಮೇಲೆ ಒಂದು ಉಂಡೆ ಇಟ್ಟುಕೊಂಡು, ಇಳಿದ ರಸವನ್ನೆಲ್ಲ ಔಷಧವೆಂದು ಭಕ್ತಿಯಿಂದ ನುಂಗಿದರು. ದಾಬೋಳಿ ವಿಮಾನ ನಿಲ್ದಾಣ ಮುಟ್ಟುವಾಗ ನೋವು ಎಲ್ಲೋ ದೂರ ಹೋಗಿ ಕೂತಿತ್ತು. ಲೋಕವೆಲ್ಲ ಬಹಳ ಒಳ್ಳೆಯದಾಗಿ ಕಾಣುತ್ತಿತ್ತು. ಕ್ಯಾಮೆರಾ ನೇತುಹಾಕಿಕೊಂಡು ಪಕ್ಕದಲ್ಲಿ ನಿಂತ ಓಂಕಾರ ಕೂಡ ಒಳ್ಳೆಯವನಂತೆ ಕಂಡ.

ಲೀಸ್ಬೆತ್ ಹುಲ್ಲಿನ ಟೋಪಿ ಹಾಕಿಕೊಂಡು ಬಾಗಿಲಿನಿಂದ ಹೊರಬಂದಳು. ಓಂಕಾರ ಅದಕ್ಕೇ ಕಾದಿದ್ದವನಂತೆ, ಆಕೆಗೂ ತಿಳಿಯಲಿ ಎಂದು ಸ್ಪಷ್ಟವಾದ ಇಂಗ್ಲಿಷಿನಲ್ಲಿ ಕೇಳಿದ: "ಸರ್, ನಿಮ್ಮ ಕೆನ್ನೆಗೆ ಏನಾಗಿದೆ? ಹಲ್ಲು ಕೆಟ್ಟಿದೆಯೇ?" ಮುಂದಿನ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯಿತು, ನಮ್ಮ ಅನುಕೂಲಕ್ಕೆ ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ.

ಲೀಸ್ಬೆತ್ ಟೋಪಿ ಎತ್ತಿ ಬಗ್ಗಿ ನೋಡಿದಳು. ವ್ಯಾಸರಾಜರ ಕಣ್ಣೆದುರು ಬೆಲ್ಜಿಯಂ ಒಮ್ಮೆ ಮಿಂಚಿ ಮಾಯವಾಯಿತು. ಬೇರೆ ದಿನವಾಗಿದ್ದರೆ ತೊದಲುತ್ತಿದ್ದರು. ಅವತ್ತು ಗೇರುಹಣ್ಣಿನ ಔಷಧ ಮಾತಾಡಿತು.

"ಮೇಡಂ, ಇದು ನಮ್ಮ ಸಂಸ್ಕೃತಿ. ದೂರದಿಂದ ಅತಿಥಿ ಬಂದ ದಿನ ಕೆನ್ನೆಯಲ್ಲಿ ತಾಂಬೂಲ ಇಟ್ಟುಕೊಂಡು ಎದುರುಗೊಳ್ಳಬೇಕು. ಅತಿಥಿ ಎಷ್ಟು ದೊಡ್ಡವರೋ ಕೆನ್ನೆ ಅಷ್ಟು ದೊಡ್ಡದು."

ಲೀಸ್ಬೆತ್ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಇಷ್ಟು ದೊಡ್ಡದು! ನನಗೋಸ್ಕರವೇ?"

"ನಿಮಗೋಸ್ಕರವೇ."

ಆಕೆ ಓಂಕಾರನ ಕಡೆ ತಿರುಗಿದಳು. ಅವನದು ಎರಡೂ ಕಡೆ ಒಳಗೆ ಹೋದ ಕೆನ್ನೆ. ಆಕೆಯ ಮುಖ ಸ್ವಲ್ಪ ಸಪ್ಪಗಾಯಿತು. "ಅವನಿನ್ನೂ ಕಲಿಯುತ್ತಿದ್ದಾನೆ" ಎಂದು ವ್ಯಾಸರಾಜರು ಸಮಾಧಾನ ಹೇಳಿದರು.

ಕಾರಿನಲ್ಲಿ ಲೀಸ್ಬೆತ್‌ಳ ಸಂತೋಷ ಹಿಡಿಯುವವರಿರಲಿಲ್ಲ. ಹಲ್ಲನ್ನು ಎಲ್ಲಾ ದೇಶದಲ್ಲೂ ಕಟ್ಟುತ್ತಾರೆ, ತನ್ನ ಜನಕ್ಕೆ ಹಲ್ಲಿನ ಜೊತೆ ಸಂಸ್ಕೃತಿ ಬೇಕು, ಯಾವ ಪುಸ್ತಕದಲ್ಲೂ ಇಲ್ಲದ್ದು ಬೇಕು ಎಂದಳು. "ಇದು ಎಲ್ಲಾದರೂ ಬರೆದಿದೆಯೇ?" ಎಂದು ಕೇಳಿದಳು. "ಎಲ್ಲೂ ಇಲ್ಲ" ಎಂದು ವ್ಯಾಸರಾಜರು ಆ ದಿನದ ಒಂದೇ ಒಂದು ಸತ್ಯ ನುಡಿದರು.

ಹಳೆ ಗೋವಾದ ಚರ್ಚಿನಲ್ಲಿ ಅವರ ಗ್ರಹಚಾರ ಕಾಯುತ್ತಿತ್ತು. ಮರದಲ್ಲಿ ಕೆತ್ತಿದ ಪುಟ್ಟ ದೇವದೂತರು ಗುಂಡು ಗುಂಡು ಕೆನ್ನೆ ಉಬ್ಬಿಸಿಕೊಂಡು ಮೇಲಿನಿಂದ ನೋಡುತ್ತಿದ್ದರು. ಲೀಸ್ಬೆತ್ ಕೂಗಿಯೇಬಿಟ್ಟಳು: "ನೋಡಿ, ನೋಡಿ! ನಮ್ಮ ದೇಶದ ದೇವದೂತರಿಗೆ ಕೆನ್ನೆ ಇಷ್ಟಿಲ್ಲ. ಇಲ್ಲಿಯ ಕುಶಲಕರ್ಮಿಗಳು ನಿಮ್ಮ ಪದ್ಧತಿಯನ್ನೇ ಕೆತ್ತಿದ್ದಾರೆ!" ವ್ಯಾಸರಾಜರು ತಲೆ ಎತ್ತಿ ನೋಡಿ, ಹೌದಲ್ಲ ಎಂದುಕೊಂಡರು. ಸುಳ್ಳು ಹೇಳಿದವರಿಗೇ ಅರ್ಧ ನಂಬಿಕೆ ಬಂದಿತ್ತು.

ಫೋಂಡಾದ ಗುಡಿಗೆ ಹೋದರೆ ಅಲ್ಲಿ ಮಧ್ಯಾಹ್ನದ ಪೂಜೆಗೆ ಶಹನಾಯಿ ಊದುತ್ತಿದ್ದರು. ಊದುವವನ ಎರಡೂ ಕೆನ್ನೆ ತೆಂಗಿನಕಾಯಿಯಷ್ಟಾಗಿದ್ದವು. "ಎರಡೂ ಕಡೆ!" ಎಂದು ಲೀಸ್ಬೆತ್ ಪಿಸುಗುಟ್ಟಿದಳು. "ದೇವರು ದೊಡ್ಡ ಅತಿಥಿ, ಅದಕ್ಕೆ" ಎಂದರು ವ್ಯಾಸರಾಜರು. ಈಗ ಸುಳ್ಳು ಬಯಲು ಮಾಡಿದರೆ ಒಪ್ಪಂದವೇ ಮುರಿದೀತೆಂದು ಓಂಕಾರ ಹಲ್ಲು ಕಡಿಯುತ್ತಾ ಫೋಟೋ ತೆಗೆದ.

ಗುಡಿಯ ಹೊರಗೆ ಬಂದಾಗ ಔಷಧದ ಮಹಿಮೆ ಇಳಿಯತೊಡಗಿತು. ದೂರ ಹೋಗಿ ಕೂತಿದ್ದ ನೋವು ಎದ್ದು ವಾಪಸು ಬಂತು, ತನ್ನ ನಂಟರನ್ನೂ ಕರೆದುಕೊಂಡು ಬಂತು. ಅದೇ ಹೊತ್ತಿಗೆ ಲೀಸ್ಬೆತ್ "ಒಮ್ಮೆ ಮುಟ್ಟಬಹುದೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಎರಡು ಬೆರಳಿನಿಂದ ಅವರ ಎಡಗೆನ್ನೆಯನ್ನು ಒತ್ತಿದಳು.

ವ್ಯಾಸರಾಜರಿಗೆ ಹಾಡುಹಗಲಲ್ಲಿ ನಕ್ಷತ್ರ ಕಂಡವು. ಕಣ್ಣಿಂದ ಧಾರಾಕಾರ ನೀರಿಳಿಯಿತು.

"ನಿಮ್ಮ ಸಂಸ್ಕೃತಿಯ ಮೇಲೆ ನಿಮಗೆ ಎಷ್ಟು ಪ್ರೀತಿ!" ಎಂದು ಲೀಸ್ಬೆತ್ ತಾನೂ ಕಣ್ಣೊರೆಸಿಕೊಂಡಳು.

ಕೋಲ್ವಾ ಸಮುದ್ರ ದಂಡೆಯಲ್ಲಿ ಕನ್ನಡಿ ಹೊಲಿದ ಚೀಲ ಮಾರುವ ಲಾಲಿಬಾಯಿ ಎದುರಾದಳು. ವಿಜಾಪುರದ ಕಡೆಯ ತಾಂಡಾದವಳು, ವರ್ಷಗಳಿಂದ ಇದೇ ಮರಳಿನಲ್ಲಿ ವ್ಯಾಪಾರ. ಅವಳ ಕೆನ್ನೆಯೊಳಗೆ ತಂಬಾಕಿನ ಒಂದು ಮುದ್ದೆ ಇತ್ತು. ಲೀಸ್ಬೆತ್ ಅದನ್ನು ಕಂಡು ಓಡುತ್ತಾ ಹೋಗಿ ಕೈಮುಗಿದು ನಿಂತಳು.

ಲಾಲಿಬಾಯಿ ಮಾತ್ರ ನೋಡಿದ್ದು ವ್ಯಾಸರಾಜರನ್ನು. "ಯಣ್ಣಾರ, ಗಲ್ಲ ಹಿಂಗ್ಯಾಕ ಬಾತೈತ್ರಿ? ಹಲ್ಲು ಹುಳುಕಾಗೈತೇನ್ರಿ? ಕೀಳಿಸಿ ಒಗೀರಿ ಅದನ್ನ, ಇಲ್ಲಾಂದ್ರ ತಲೀಗೆ ಏರತೈತಿ!"

"ಏನನ್ನುತ್ತಾಳೆ?" ಎಂದಳು ಲೀಸ್ಬೆತ್.

"ಅತಿಥಿಯನ್ನು ಬಹಳ ಚೆನ್ನಾಗಿ ಎದುರುಗೊಂಡಿದ್ದೀರಿ ಅನ್ನುತ್ತಾಳೆ" ಎಂದು ಅನುವಾದಿಸಿ, ವ್ಯಾಸರಾಜರು ಲಾಲಿಬಾಯಿಗೆ ಕೈಸನ್ನೆ ಮಾಡಿದರು. "ಲಾಲಿಬಾಯಿ, ಕೈ ಮುಗೀತೇನಿ, ಸುಮ್ಮನ ಇರವಾ. ಮೇಡಂ ಚೀಲ ತಗೋತಾರ."

"ನಾ ಸುಮ್ಮನ ಅದೀನ್ರಿ. ನೀವು ಒದ್ದಾಡಾಕತ್ತೀರಿ ಅಂತ ಹೇಳಿದೆ." ಲಾಲಿಬಾಯಿಗೆ ಮರುಕ ಬಂತು. ಸೊಂಟದ ಸಂಚಿ ಬಿಚ್ಚಿ ತಂಬಾಕು ತೆಗೆದಳು. "ತಗೋರಿ, ಇದನ್ನ ಒತ್ತಿ ಇಡ್ರಿ, ನೋವು ಹಾಂಗ ಇಳಿತೈತಿ."

ಅದು ತನಗೆ ಮಾಡಿದ ಸತ್ಕಾರವೆಂದು ಲೀಸ್ಬೆತ್ ಕೈ ಚಾಚಿದಳು. ವ್ಯಾಸರಾಜರು ಹೌಹಾರಿ, ತಂಬಾಕಿನ ಬದಲು ಸಂಚಿಯಲ್ಲಿದ್ದ ಅಡಿಕೆ ಹೋಳು ಕೊಡಿಸಿದರು. ಆಕೆ ಅದನ್ನು ಎಡಗೆನ್ನೆಗೆ ತುರುಕಿಕೊಂಡು, ಲಾಲಿಬಾಯಿಗೆ ತಲೆಬಾಗಿ, ಹೆಗಲ ತುಂಬ ಚೀಲ ಕೊಂಡಳು. ಲಾಲಿಬಾಯಿ ಅವತ್ತು ಬೇಗ ಮನೆಗೆ ಹೋದಳು.

"ಇನ್ನು ದವಾಖಾನೆಗೆ ಹೋಗೋಣ" ಎಂದು ಲೀಸ್ಬೆತ್ ಅಡಿಕೆಯ ಸಂದಿನಿಂದ ಹೇಳಿದಳು. "ಅಲ್ಲಿ ಎಲ್ಲರೂ ಹೀಗೇ ನಿಂತಿರುತ್ತಾರಲ್ಲವೇ?"

ವ್ಯಾಸರಾಜರು ಮೊಬೈಲು ಹಿಡಿದು ಮರಳ ಮೇಲೆ ನಿಲ್ಲಿಸಿದ್ದ ದೋಣಿಯ ಮರೆಗೆ ಓಡಿದರು.

"ಸರ್, ಎಲ್ಲಾರಿಗೂ ಬಾಯಾಗ ಏನರೆ ತುರುಕಿಕೊಂಡು ಗಲ್ಲ ಉಬ್ಬಿಸಿ ನಿಲ್ಲಲಿಕ್ಕೆ ಹೇಳ್ರಿ. ಎಡಗಲ್ಲ."

"ವ್ಯಾಸರಾಯರ," ಡಾಕ್ಟರ್ ಮಿಲಿಂದರ ದನಿ ತಣ್ಣಗಿತ್ತು, "ಬಿಸಿಲು ಭಾಳ ಅದ ಏನು ಅಲ್ಲೆ?"

"ಆಕಿ ಸಹಿ ಹಾಕೂದು ಇದರ ಮ್ಯಾಲೆ ಅದರೀ. ಆಮ್ಯಾಲೆ ಎಲ್ಲಾ ಹೇಳ್ತೇನಿ!"

ಸಹಿ ಎಂಬ ಮಾತಿಗೆ ಡಾಕ್ಟರು ಕರಗಿದರು. ಹಲ್ಲಿನ ದವಾಖಾನೆಯಲ್ಲಿ ಹತ್ತಿಗೆ ಏನು ಕೊರತೆ? ಕಾರು ಬಂದು ನಿಂತಾಗ ಡಾಕ್ಟರರಿಂದ ಹಿಡಿದು ಕಸ ಗುಡಿಸುವ ಸತ್ಯವ್ವನ ತನಕ ಎಲ್ಲರೂ ಎಡಗೆನ್ನೆಗೆ ಹತ್ತಿ ತುಂಬಿಕೊಂಡು ಬಾಗಿಲಲ್ಲಿ ಸಾಲಾಗಿ ನಿಂತಿದ್ದರು. ಯಾರಿಗೂ ಮಾತಾಡಲು ಬರುತ್ತಿರಲಿಲ್ಲ. "ಉಉಗಥ" ಎಂದರು ಡಾಕ್ಟರು. ಅದು ಸ್ವಾಗತವಾಗಿತ್ತು. ಒಳಗೆ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ರೋಗಿಗಳಿದ್ದರು, ಅವರ ಕೆನ್ನೆಗಳಿಗೆ ಹತ್ತಿಯ ಅಗತ್ಯವಿರಲಿಲ್ಲ. ಕೈಯಲ್ಲಿ ಕೆನ್ನೆ ಹಿಡಿದು ನರಳುತ್ತಾ ಅವರು ಬಂದವಳನ್ನು ನೋಡಿದರು.

"ರೋಗಿಗಳೂ!" ಎಂದು ಲೀಸ್ಬೆತ್ ಅವರಿಗೂ ಕೈಮುಗಿದಳು. "ಇಷ್ಟು ನೋವಿನಲ್ಲೂ ನನ್ನನ್ನು ಎದುರುಗೊಳ್ಳಲು ಬಂದಿದ್ದಾರೆ!"

ಆಕೆ ಯಂತ್ರಗಳನ್ನು ಸರಿಯಾಗಿ ನೋಡಲೂ ಇಲ್ಲ. ನಿಂತಲ್ಲೇ ಒಪ್ಪಂದಕ್ಕೆ ಸಹಿ ಹಾಕಿದಳು. ಡಾಕ್ಟರ್ ಮಿಲಿಂದರು ಹತ್ತಿ ಉಗಿದು, ವ್ಯಾಸರಾಜರ ಹೆಗಲ ಮೇಲೆ ಕೈಹಾಕಿ, "ತರಬೇತಿಗೆ ಬೆಲ್ಜಿಯಂಗೆ ಬರುವವರು ಇವರೇ" ಎಂದರು. ವ್ಯಾಸರಾಜರ ನೋವು ಒಂದು ಕ್ಷಣ ನಿಂತುಹೋಯಿತು. ಮೈತ್ರೇಯಿಗೆ ಹೇಗೆ ಹೇಳಲಿ, ಮೊದಲು ಯಾವ ಮಾತು ಹೇಳಲಿ ಎಂದು ಮನಸ್ಸು ಕುಣಿಯಿತು.

"ಇವರೇ? ಸಾಧ್ಯವೇ ಇಲ್ಲ!" ಎಂದಳು ಲೀಸ್ಬೆತ್.

ಎಲ್ಲರೂ ಅವಳ ಮುಖ ನೋಡಿದರು.

"ಇವರು ಗೋವಾ ಬಿಟ್ಟರೆ ನಮ್ಮ ಗುಂಪುಗಳನ್ನು ಎದುರುಗೊಳ್ಳುವವರು ಯಾರು? ಪ್ರವಾಸದ ಕಾರ್ಯಕ್ರಮದಲ್ಲಿ ಮೊದಲನೆಯದೇ ಇವರ ಕೆನ್ನೆ. ಪ್ರತಿ ವಿಮಾನಕ್ಕೂ ಇವರೇ ಬರಬೇಕು, ಇಷ್ಟೇ ದೊಡ್ಡದಾಗಿ." ಆಮೇಲೆ ಓಂಕಾರನ ಒಣಗಿದ ಮುಖವನ್ನು ಮೇಲಿನಿಂದ ಕೆಳಗೆ ನೋಡಿ, "ಬೇಕಾದರೆ ಇವನನ್ನು ಕಳಿಸಿ. ಇಲ್ಲಿ ಇವನಿಂದ ಅಂಥ ಉಪಯೋಗವೇನೂ ಇಲ್ಲ" ಎಂದಳು.

ಆಕೆಯನ್ನು ಹೋಟೆಲಿಗೆ ಬಿಟ್ಟು ಬಂದ ವ್ಯಾಸರಾಜರು ನೆಟ್ಟಗೆ ಹೋಗಿ, ಯಾರೂ ಕರೆಯದೆ, ಆ ಕುರ್ಚಿಯ ಮೇಲೆ ಮಲಗಿ ಬಾಯಿ ತೆರೆದರು. ಜೀವನದಲ್ಲಿ ಮೊದಲ ಸಲ.

"ಕೀಳ್ರಿ ಸರ್. ಈಗಿಂದೀಗ ಕೀಳ್ರಿ."

ಡಾಕ್ಟರ್ ಮಿಲಿಂದರು ದೀಪ ಹಾಕಿ ನೋಡಿದರು, ಇಕ್ಕಳ ತೆಗೆದುಕೊಂಡರು, ಮತ್ತೆ ಕೆಳಗಿಟ್ಟು ಗಡ್ಡ ಕೆರೆದುಕೊಂಡರು. "ಅಲ್ರೀ, ಮೊದಲನೇ ಗುಂಪು ಬರೂ ತನಕ ಇರಲೇನು? ಹತ್ತಿಗಿಂತ ಇದರ ಆಕಾರ ಭಾಳ ಚಲೋ ಬಂದದ ನೋಡ್ರಿ."

ವ್ಯಾಸರಾಜರು ಅಳುವುದನ್ನು ನೋಡಲಾರದೆ ಕೊನೆಗೂ ಕಿತ್ತರು. ಇರುವೆ ಕಚ್ಚಿದ ಹಾಗೆ ಮಾತ್ರ ಆಗಲಿಲ್ಲ.

ಕೆಲವು ತಿಂಗಳ ಮೇಲೆ, ಮೊದಲ ಗುಂಪು ಇಳಿಯುವ ಹೊತ್ತಿಗೆ, ವ್ಯಾಸರಾಜರು ಎಡಗೆನ್ನೆಯ ತುಂಬ ಹತ್ತಿ ತುಂಬಿಕೊಂಡು ದಾಬೋಳಿಯಲ್ಲಿ ನಿಂತಿದ್ದರು. ಬಾಗಿಲು ತೆರೆಯಿತು. ಲೀಸ್ಬೆತ್ ಚೆನ್ನಾಗಿಯೇ ಕಲಿಸಿ ಕಳಿಸಿದ್ದಳು. ಬೆಲ್ಜಿಯಂನ ಮುದುಕ ಮುದುಕಿಯರೆಲ್ಲ ಕೆನ್ನೆ ಉಬ್ಬಿಸಿಕೊಂಡು ಸಾಲಾಗಿ ಹೊರಬಂದರು. ಅವರಲ್ಲಿ ಯಾರದು ಸಂಸ್ಕೃತಿ, ಯಾರದು ಹಲ್ಲುನೋವು ಎಂದು ಹೇಳುವುದು ಕಷ್ಟವಿತ್ತು.

ಆಗ ವ್ಯಾಸರಾಜರ ಮೊಬೈಲು ಬಡಿದುಕೊಂಡಿತು. ಬ್ರಸೆಲ್ಸ್‌ನಿಂದ ಓಂಕಾರ.

"ಸರ್, ಈಗ ವಿಮಾನ ಇಳದೇನ್ರೀ. ಇಲ್ಲಿ ಆಫೀಸಿನ ಮಂದಿ ಎಲ್ಲಾ ನನ್ನ ಎದುರುಗೊಳ್ಳಲಿಕ್ಕೆ ಬಂದಾರ, ಎಲ್ಲಾರೂ ಗಲ್ಲ ಉಬ್ಬಿಸಿಕೊಂಡು ನಿಂತಾರ್ರೀ! ಕೈಯಾಗ ಹೂವಿನ ಗುಚ್ಛ ಹಿಡದಾರ, ಚಾಕಲೇಟ್ ಡಬ್ಬಿ ಹಿಡದಾರ. ನಾ ಈಗ ಏನ್ಮಾಡ್ಲಿ, ಹೇಳ್ರಿ ಲಗೂನ!"

ವ್ಯಾಸರಾಜರಿಗೆ ಹೇಳುವುದು ಬಹಳವಿತ್ತು. ಆದರೆ ಬಾಯಲ್ಲಿ ಹತ್ತಿ ಇದ್ದುದರಿಂದ ಅವನನ್ನು ನೆಟ್ಟಗೆ ಬಯ್ಯಲು ಕೂಡ ಆಗಲಿಲ್ಲ.