ಗೊಬ್ಬರ ಚೀಲದ ಟೆರೊಸಾರ್

ಗುಬ್ಬಿ ಓಡಿಸಲು ವಿಜ್ಞಾನ ಸಾಕು ಎಂದು ನನಗೆ ಪೂರ್ತಿ ನಂಬಿಕೆಯಿತ್ತು. ಎಂಬತ್ತರ ದಶಕದ ಮಾತು. ನಾನು ಆಳಂದದಲ್ಲಿ ಹೈಸ್ಕೂಲು ವಿಜ್ಞಾನದ ಮಾಸ್ತರ, ಹೊಸ ಅಳಿಯ. ಸಂಕ್ರಾಂತಿಗೆ ಹೆಂಡತಿಯ ತವರು ಸರಸಂಬಾಕ್ಕೆ ಹೋದಾಗ ಮಾವನವರ ಬಿಳಿಜೋಳ ಹಾಲು ತುಂಬಿ ನಿಂತಿತ್ತು. ಅದರಲ್ಲಿ ಎಂಟು ಸಾಲು ಮುಂದಿನ ಬಿತ್ತನೆಗೆ ಬೀಜಕ್ಕೆಂದು ಬಿಟ್ಟದ್ದು. ಗುರುಬಾಯಿ ಎಂಬ ಅಜ್ಜಿ ಹೊಲದ ಕಾವಲು ಅಟ್ಟಣೆಯಾದ ಮಂಚಿಕೆ ಹತ್ತಿ, ಕವಣೆ ಬೀಸುತ್ತ, ದಿನವಿಡೀ ಕೂಗಿ ಅದನ್ನು ಕಾಯುತ್ತಿದ್ದಳು.

"ಮಾವಾರ, ಇದಕ್ಕ ಮನುಷ್ಯಾರು ಯಾಕ? ನಾ ಒಂದು ಟೆರೊಸಾರ್ ಮಾಡಿ ನಿಲ್ಲಸ್ತೇನಿ," ಎಂದೆ.

"ಅದೇನ್ರಿ ಅಳಿಯಾರ?"

"ಕೋಟ್ಯಂತರ ವರ್ಷದ ಹಿಂದ ಹಾರ್ತಿತ್ರಿ. ರೆಕ್ಕಿ ಬಿಚ್ಚಿದ್ರ ನಿಮ್ಮ ಅಂಗಳದಷ್ಟು!"

"ಹಕ್ಕಿ ಓಡ್ಸಾಕ ಇನ್ನೊಂದು ಹಕ್ಕಿ ಏನ್ರಿ?"

"ಹಕ್ಕಿ ಅಲ್ರಿ, ಸರೀಸೃಪ!"

ಅಳಿಯನಿಗೆ ಬೇಡ ಎನ್ನುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ನಾನು ಗುರುಬಾಯಿಗೆ ಅಲ್ಲೇ ರಜೆ ಮಂಜೂರು ಮಾಡಿದೆ. ಅವಳು ಕವಣೆಯನ್ನು ಮಂಚಿಕೆಗೆ ತೂಗುಹಾಕಿ, ಮಗಳ ಊರಾದ ಗಾಣಗಾಪುರಕ್ಕೆ ಬಸ್ಸು ಹತ್ತಿದಳು.

ಬಿದಿರು ಕಟ್ಟಿದೆ. ನನ್ನ ಹೆಂಡತಿ ಮಹಾದೇವಿ ಹನ್ನೆರಡು ಗೊಬ್ಬರದ ಚೀಲ ಹೊಲಿದುಕೊಟ್ಟಳು. ಹಳೆಯ ಮೊರ ಮಡಚಿ ಕೊಕ್ಕು ಮಾಡಿದೆ. ಎದೆಯ ಮೇಲೆ "ಕೊಕ್ಕೆ ಬಳಸಬೇಡಿ" ಎಂಬ ಚೀಲದ ಅಚ್ಚಕ್ಷರ ಹಾಗೇ ಉಳಿಯಿತು. ಬದುವಿನ ಮೇಲೆ ಎರಡು ಕಂಬಕ್ಕೆ ಬಿಗಿದು ನಿಲ್ಲಿಸಿದೆ. ಆ ದಿನ ಒಂದು ಗುಬ್ಬಿಯೂ ಬರಲಿಲ್ಲ! ಮೀಸೆ ತಿರುವಿದೆ.

"ದಿನಾಪೂರ್ತಿ ನೀವ ಅಲ್ಲಿ ಸುತ್ತಿಗಿ ಬಡ್ಯಾಕತ್ತಿದ್ರಿ. ಅದಕ್ಕ ಬಂದಿಲ್ಲ," ಎಂದಳು ಮಹಾದೇವಿ.

ಮರುದಿನ ಗುಬ್ಬಿಗಳು ಬಂದವು. ಹೊಟ್ಟೆತುಂಬ ತಿಂದು ಟೆರೊಸಾರಿನ ರೆಕ್ಕೆಯ ಮೇಲೆ ಸಾಲಾಗಿ ಕುಳಿತವು.

"ಏನ್ರಿ, ಕೂಡಾಕ ಚೊಲೊ ಜಾಗಾ ಮಾಡಿ ಕೊಟ್ಟೀರಿ!" ಎಂದಳು ಮಹಾದೇವಿ.

ಮೂರನೆಯ ದಿನ ಗಾಳಿ ಎದ್ದಿತು. ಕೋಟ್ಯಂತರ ವರ್ಷಗಳ ತರುವಾಯ ಟೆರೊಸಾರ್ ಮತ್ತೆ ಹಾರಿತು! ಹಾರಿದ್ದು ನಾಲ್ಕು ಮಾರು. ಇಳಿದದ್ದು ಬೀಜದ ಜೋಳದ ಮೇಲೆ. ಐದು ಸಾಲು ಒಂದೇ ಸಲಕ್ಕೆ ನೆಲಕ್ಕೆ ಮಲಗಿದವು.

ಮಾವನವರು ಬಂದು ನೋಡಿದರು. "ಇನ್ನಾ ಮೂರು ಸಾಲು ಅದಾವಲ್ರಿ ಅಳಿಯಾರ," ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಶಾಲೆಗೆ ಹೊಟ್ಟೆನೋವಿನ ಅರ್ಜಿ ಕಳಿಸಿ, ಆ ಮೂರು ಸಾಲು ಕಾಯಲು ನಾನೇ ಮಂಚಿಕೆ ಹತ್ತಿದೆ. ಕವಣೆಯ ಮೊದಲ ಕಲ್ಲು ನನ್ನ ಕಿವಿಗೇ ಬಡಿಯಿತು. ಕವಣೆ ಬಿಟ್ಟು, ಹೆಂಡತಿಯ ಹಳೆ ಸೀರೆಯನ್ನು ಎರಡೂ ಕೈಗೆ ಕಟ್ಟಿಕೊಂಡು ಬೀಸುತ್ತ ಕಿರುಚಿದೆ. ಗುಬ್ಬಿಗಳು ಹೆದರಿ ಓಡಿದವು! ಹೀಗೆ ಎಂಟು ದಿನ.

ಒಂಬತ್ತನೆಯ ದಿನ ಗುರುಬಾಯಿ ಮರಳಿ ಬಂದಳು. ಬದುವಿನ ಮೇಲೆ ಮಾವನವರ ಪಕ್ಕ ನಿಂತು, ಹಣೆಗೆ ಕೈ ಅಡ್ಡ ಹಿಡಿದು, ಮಂಚಿಕೆಯ ಮೇಲೆ ಸೀರೆ ಬೀಸುತ್ತಿದ್ದ ನನ್ನನ್ನೇ ನೋಡಿದಳು.

"ಯಪ್ಪಾ, ಅಳಿಯಾರು ದೊಡ್ಡ ಹಕ್ಕಿ ಮಾಡಿ ನಿಲ್ಲಸ್ತೇನಿ ಅಂದಿದ್ರಲ್ಲ, ಅದು ಇದೇ ಏನ್ರಿ?"

"ಹೌದಬೇ," ಎಂದರು ಮಾವನವರು.

ಹಕ್ಕಿ ಅಲ್ಲ, ಸರೀಸೃಪ ಎಂದು ತಿದ್ದಬೇಕೆಂದು ಬಾಯಿ ತೆರೆದೆ. ಎಂಟು ದಿನ ಕಿರುಚಿದ ಗಂಟಲಿನಿಂದ ದನಿಯೇ ಹೊರಡಲಿಲ್ಲ.