ಬುಟ್ಟಾಕ್ಕೊಂದು ಅಲಾರಂ

ಮೊಬೈಲಿನೊಳಗಿನ ಒಂದು ಸೌಲಭ್ಯ ಗೆದ್ದಿತೋ ಸೋತಿತೋ ಎಂದು ತೀರ್ಮಾನಿಸಬೇಕಾದವರು ಯಾರು? ಅದನ್ನು ಮಾಡಿದವರೋ, ಗುಂಡಿ ಒತ್ತಿದವನೋ? ನನಗಂತೂ ಇಂದಿಗೂ ತಲೆಬುಡ ತಿಳಿದಿಲ್ಲ. ತೊಂಬತ್ತೊಂಬತ್ತರಲ್ಲಿ ಧರ್ಮಪುರಿಯ ನನ್ನ ಭಾಮೈದ, ಇಟ್ಟಿಗೆಯಂಥ ತನ್ನ ಮೊಬೈಲನ್ನು ಸೇಲಂನ ನಮ್ಮ ಮಗ್ಗದ ಮನೆಯಲ್ಲಿ ಬಿಟ್ಟುಹೋದ. ಒಳಗೆ ಸಿಗ್ನಲ್ ಬಾರದು. ಆದರೆ ಅದರಲ್ಲಿ ಹಾವಿನ ಆಟವಿತ್ತು, ಅಲಾರಂ ಇತ್ತು. ಹಾವು ನನ್ನ ಕೈಯಲ್ಲಿ ಮೂರು ಸಲ ಗೋಡೆಗೆ ಬಡಿದು ಸತ್ತಿತು. ಅಲಾರಂ ಮಾತ್ರ ಸಾಯಲೊಲ್ಲದು. ಅದನ್ನು ಪೂರ್ತಿ ನಿಲ್ಲಿಸುವುದು ಹೇಗೆಂದು ನನಗೆ ಗೊತ್ತಿಲ್ಲ, ಅದೋ ಹತ್ತು ನಿಮಿಷಕ್ಕೊಮ್ಮೆ ಕೂಗುತ್ತಿತ್ತು.

ಆಗ ಮಗ್ಗದ ಮೇಲಿದ್ದದ್ದು ಅಕ್ಕನ ಮಗಳ ಮುಹೂರ್ತದ ಸೀರೆ. ಮಾವ ನೇಯ್ದದ್ದನ್ನೇ ಉಡುತ್ತೇನೆಂದು ಹುಡುಗಿ ಹಟ ಹಿಡಿದಿದ್ದಳು. ಅದು ಕೆಟ್ಟರೆ ನಾನು ಅಕ್ಕನಿಗೆ ಮುಖ ತೋರಿಸುವಂತಿರಲಿಲ್ಲ. ಸೀರೆಯ ಮೇಲಿನ ಒಂದು ಜರಿಹೂವಿನ ಬುಟ್ಟಾ ಆದಮೇಲೆ ನಾಲ್ಕು ಬೆರಳಿನ ಕಡ್ಡಿಯಿಟ್ಟು ಅಳೆದು ಮುಂದಿನದನ್ನು ಹಾಕುವುದು ಅಪ್ಪನ ಕಾಲದ ಪದ್ಧತಿ. ಹತ್ತು ನಿಮಿಷಕ್ಕೆ ನನ್ನ ಕೈ ನಾಲ್ಕು ಬೆರಳು ನೇಯುತ್ತದಲ್ಲ, ಮತ್ತೆ ಕಡ್ಡಿ ಯಾಕೆ? ಅಲಾರಂ ಕೂಗಿದಾಗ ಬುಟ್ಟಾ ಹಾಕಿದರಾಯಿತು! ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಸೀರೆ ಮುಗಿಯುತ್ತಾ ಬಂದಾಗ ಎಲೆಕ್ಷನ್ ಬಂತು. ಜಗಲಿಯಲ್ಲಿ ಬಿಸಿಬಿಸಿ ಮಾತು. ರಾಟೆಯ ಮುಂದಿನಿಂದ ಹೆಂಡತಿ "ಕೂಗ್ತಾ ಐತೆ, ಬನ್ನಿ" ಎಂದಾಗಲೆಲ್ಲ ಓಡಿಬಂದು, ನಿಷ್ಠೆಯಿಂದ ಒಂದು ಬುಟ್ಟಾ ಹಾಕಿ, ಮತ್ತೆ ಓಡುತ್ತಿದ್ದೆ. ನೇಯ್ದದ್ದು ನೇಯ್ದಹಾಗೆ ಮಗ್ಗದ ಉರುಳೆಗೆ ಸುತ್ತಿಕೊಂಡು ಕಣ್ಣಿಗೆ ಮರೆಯಾಗುತ್ತಿತ್ತು.

ಮದುವೆಗೆ ಎರಡು ದಿನವಿರುವಾಗ ಸೀರೆಯನ್ನು ಕತ್ತರಿಸಿ ಹಾಸಿದೆವು. ಅಯ್ಯಯ್ಯೋ! ಮೈ ತುಂಬ ಸರಿಯಾಗಿದ್ದ ಬುಟ್ಟಾಗಳು ಸೆರಗಿಗೆ ಬಂದದ್ದೇ ತಡ, ಸಂತೆಯ ಬಸ್ಸಿನ ಜನರಂತೆ ಒಂದರ ಮೇಲೊಂದು ಒತ್ತಿಕೊಂಡಿದ್ದವು.

"ದೂರ ದೂರ ಇರೋದು ನೀವು ನೇಯ್ದಿದ್ದು. ಒತ್ತಾಗಿರೋದು ಜಗಲೀಲಿ ಕೂತಿದ್ದು" ಎಂದಳು ಹೆಂಡತಿ.

ನನಗೆ ಅಳುವುದೊಂದು ಬಾಕಿ. ಅಷ್ಟರಲ್ಲಿ ಬಂದ ಹುಡುಗಿ ಸೆರಗನ್ನು ಹೆಗಲಿಗೆ ಹಾಕಿಕೊಂಡು ಕನ್ನಡಿ ನೋಡಿದಳು. "ಪರವಾಯಿಲ್ಲೆ ಮಾವ, ಜೋರಾಗೇ ಐತೆ!" ಎಂದಳು.

ಮದುವೆಯ ದಿನ ಹೆಂಗಸರೆಲ್ಲ ಸೆರಗು ಹಿಡಿದು ನೋಡಿದ್ದೇ ನೋಡಿದ್ದು. "ಇಷ್ಟು ಒತ್ತಾಗಿ ಬುಟ್ಟಾ ಹಾಕೋಕೆ ಎಷ್ಟು ಕಷ್ಟಪಟ್ಟವ್ರೋ!" ಎಂದು ಒಬ್ಬಾಕೆ ಕೊಂಡಾಡಿದಳು.

"ಅದಕ್ಕೆ ಅವ್ರು ಕೂತಿದ್ದು ಕೂತಂಗೇ ಇದ್ರು, ನಾನೇ ನೋಡೀನಿ" ಎಂದಳು ಹೆಂಡತಿ, ನನ್ನತ್ತ ತಿರುಗದೆ.

ನಾನು ವಿನಯದಿಂದ ಕೈ ಮುಗಿದೆ. ಮೈಬಗ್ಗಿಸಿ ನೇಯ್ದ ಯಾವ ಸೀರೆಗೂ ನನಗೆ ಅಷ್ಟು ಹೊಗಳಿಕೆ ಸಿಕ್ಕಿರಲಿಲ್ಲ.